ಕಾಲೇಜಿನ ಮನಶ್ಶಾಸ್ತ್ರ ಅಧ್ಯಾಪಕರ ಹಿನ್ನೆಲೆ: ಏನನ್ನು ನೋಡಿ ನಿರ್ಧರಿಸಬೇಕು?

ಪ್ರಶ್ನೆ: ಬದಿಯಡ್ಕದ ಒಬ್ಬ ತಂದೆ

ಮಾನ್ಯರೇ,

ನನ್ನ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಪ್ಲಸ್ ಟುವಿನಲ್ಲಿ ಹ್ಯುಮ್ಯಾನಿಟೀಸ್ ತೆಗೆದುಕೊಂಡು, ಅಲ್ಲಿ ಹತ್ತಿದ ಮನಶ್ಶಾಸ್ತ್ರದ ರುಚಿಯಿಂದ ಪದವಿಗೂ ಅದನ್ನೇ ಓದಬೇಕೆಂದು ಗಟ್ಟಿ ಮನಸ್ಸು ಮಾಡಿದ್ದಾಳೆ. ನನಗೂ ಅದರಲ್ಲಿ ಸಂತೋಷವಿದೆ. ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳು ಒಂದು ಕಡೆ, ತಲಪಾಡಿ ದಾಟಿದರೆ ಮಂಗಳೂರಿನ ಕಾಲೇಜುಗಳು ಇನ್ನೊಂದು ಕಡೆ. ಎರಡೂ ಕಡೆಯ ವಿವರಗಳನ್ನು ಅಕ್ಷಯ ಕೇಂದ್ರದಲ್ಲಿ ಕುಳಿತು ತೆಗೆಸಿ ನೋಡಿದಾಗ ಶುಲ್ಕ, ಸೀಟು, ಹಾಸ್ಟೆಲ್ ಎಲ್ಲವೂ ತಿಳಿಯಿತು. ಅಧ್ಯಾಪಕರ ಪಟ್ಟಿ ಮಾತ್ರ ತಲೆಗೆ ಹತ್ತಲಿಲ್ಲ.

ಒಂದೇ ವಿಭಾಗದಲ್ಲಿ ನಾಲ್ವರಿದ್ದಾರೆ. ಒಬ್ಬರು ಎಂ.ಎಸ್ಸಿ. ಮುಗಿಸಿ ನೆಟ್ ಎಂಬ ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸಾದವರು. ಇನ್ನೊಬ್ಬರು ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್. ಮಾಡಿ ಆಸ್ಪತ್ರೆಯಲ್ಲಿ ದುಡಿದು ಬಂದವರು. ಮೂರನೆಯವರ ಪಿಎಚ್.ಡಿ. ಕಾರ್ಖಾನೆಯ ಕಾರ್ಮಿಕರ ಒತ್ತಡದ ಬಗ್ಗೆ. ನಾಲ್ಕನೆಯವರು ಶಾಲೆಗಳಲ್ಲಿ ಕೌನ್ಸೆಲರ್ ಆಗಿದ್ದು ಈಗ ಗೆಸ್ಟ್ ಆಗಿ ಪಾಠ ಮಾಡುತ್ತಿದ್ದಾರೆ. ನನ್ನ ತಂಗಿಯ ಮಗ ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಇದೇ ವಿಷಯ ಓದುತ್ತಾನೆ. ಅಲ್ಲಿಯೂ ಒಬ್ಬರು ಹಗಲಿನಲ್ಲಿ ಕುಟುಂಬ ಚಿಕಿತ್ಸಕರಾಗಿದ್ದು ಸಂಜೆ ತರಗತಿಗೆ ಬರುತ್ತಾರಂತೆ, ಇನ್ನೊಬ್ಬರ ಸ್ನಾತಕೋತ್ತರ ಪದವಿ ಸಮಾಜಕಾರ್ಯದಲ್ಲಂತೆ.

ಇವರೆಲ್ಲರೂ ಮನಶ್ಶಾಸ್ತ್ರ ಕಲಿಸುವವರೇ ಆದರೆ, ಇವರಲ್ಲಿ ಮನಶ್ಶಾಸ್ತ್ರಜ್ಞರು ಯಾರು? ಮಗಳನ್ನು ಸೇರಿಸುವ ಮೊದಲು ಈ ಹಿನ್ನೆಲೆಗಳನ್ನು ಹೇಗೆ ತೂಗಿ ನೋಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ನಿವೃತ್ತ ಅಧ್ಯಾಪಿಕೆ, ಕಾಸರಗೋಡು

ನಮಸ್ಕಾರ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಅರ್ಹತೆಗಳು ಸೇರಿಕೊಂಡಿವೆ. ಅವನ್ನು ಮೊದಲು ಬಿಡಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಕಾಲೇಜಿನಲ್ಲಿ ಕಲಿಸುವ ಅರ್ಹತೆ ಒಂದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ, ಅಂದರೆ ಯು.ಜಿ.ಸಿ.ಯ, 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕ ಮತ್ತು ನೆಟ್ ಬೇಕು, ಇಲ್ಲವೇ ಪಿಎಚ್.ಡಿ. ಇರಬೇಕು, ಮೀಸಲಾತಿಯ ವರ್ಗಗಳಿಗೆ ಅಂಕದಲ್ಲಿ ರಿಯಾಯಿತಿ ಇದೆ. ಈ ನಿಯಮ ಇತಿಹಾಸಕ್ಕೆ ಹೇಗೋ ಮನಶ್ಶಾಸ್ತ್ರಕ್ಕೂ ಹಾಗೆಯೇ. ಒಬ್ಬನೇ ಒಬ್ಬ ರೋಗಿಯ ಎದುರು ಕುಳಿತಿರದವರೂ ಮನಶ್ಶಾಸ್ತ್ರದ ಅಧ್ಯಾಪಕರಾಗಬಹುದು, ಅದರಲ್ಲಿ ತಪ್ಪೇನೂ ಇಲ್ಲ, ಏಕೆಂದರೆ ಈ ಶಾಸ್ತ್ರದ ದೊಡ್ಡ ಪಾಲು ರೋಗದ ಬಗ್ಗೆ ಇರುವುದೇ ಅಲ್ಲ: ಗ್ರಹಿಕೆ, ನೆನಪು, ಕಲಿಕೆ, ಬಾಲ್ಯದ ಬೆಳವಣಿಗೆ, ಗುಂಪಿನ ವರ್ತನೆ, ಇವೆಲ್ಲ ಅದರ ಹೊಲವೇ.

ಚಿಕಿತ್ಸೆ ನೀಡುವ ಅರ್ಹತೆ ಇನ್ನೊಂದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಯಾರು ಎಂಬುದನ್ನು ಸ್ಪಷ್ಟವಾಗಿ ಹೇಳಿದೆ. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಅರ್ಹತೆ ಇರಬೇಕು. ಅಥವಾ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ, ಹಿರಿಯರ ಮೇಲ್ವಿಚಾರಣೆಯಲ್ಲಿ ಆಸ್ಪತ್ರೆಯ ತರಬೇತಿಯೂ ಸೇರಿದ, ಎರಡು ವರ್ಷಗಳ ಪೂರ್ಣಾವಧಿಯ ಎಂ.ಫಿಲ್. ಆಗಿರಬೇಕು. ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರಿಗೆ ಒಂದು ಸಂಖ್ಯೆ ಇರುತ್ತದೆ. ನಿಮ್ಮ ಪಟ್ಟಿಯ ಎರಡನೆಯವರು ಈ ದಾರಿಯಲ್ಲಿ ಬಂದವರೆಂದು ಕಾಣುತ್ತದೆ. ಇನ್ನೊಂದು ವಿಷಯ ತಿಳಿದಿರಲಿ. ಯು.ಜಿ.ಸಿ. 2022ರಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು, ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025-26ನೇ ಸಾಲಿನವರೆಗೆ ಪ್ರವೇಶಕ್ಕೆ ಅವಕಾಶ ಕೊಟ್ಟಿತು. ನಿಮ್ಮ ಮಗಳು ಆ ಹಂತಕ್ಕೆ ಬರುವ ಹೊತ್ತಿಗೆ ಈ ದಾರಿಯ ಪದವಿಗಳ ಹೆಸರು ಬೇರೆಯಾಗಿರುತ್ತದೆ.

ಅಧ್ಯಾಪಕರ ಹಿನ್ನೆಲೆ ಹೀಗೆ ಹಲವು ಬಗೆಯದಾಗಿರುವುದು ಇಂದಿನ ಸಂಗತಿಯೇನೂ ಅಲ್ಲ. ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ದೇಶದ ಮೊದಲ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ನರೇಂದ್ರನಾಥ ಸೇನ್‌ಗುಪ್ತ ಅವರು ಹಾರ್ವರ್ಡ್‌ನಲ್ಲಿ ಪ್ರಯೋಗಾತ್ಮಕ ವಿಧಾನವನ್ನು ಕಲಿತು ಬಂದವರು. ಅವರ ಅನಂತರ ಅದೇ ವಿಭಾಗವನ್ನು ನಡೆಸಿದ ಗಿರೀಂದ್ರಶೇಖರ ಬೋಸ್ ವೃತ್ತಿಯಿಂದ ವೈದ್ಯರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ವಿಭಾಗ ಆರಂಭವಾದಾಗ ಅದರ ಹೊಣೆ ಹೊತ್ತ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಬುದ್ಧಿಶಕ್ತಿಯ ಮಾಪನವನ್ನು ಅಭ್ಯಾಸ ಮಾಡಿದ್ದರು. ಮೈಸೂರಿನಲ್ಲಿ 1935ರಲ್ಲಿ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ತಮ್ಮ ಮನೆಯಿಂದಲೇ ಆರಂಭಿಸಿದವರೂ ಅವರೇ. ಒಬ್ಬರು ಪ್ರಯೋಗಾಲಯದಿಂದ, ಒಬ್ಬರು ವೈದ್ಯಶಾಲೆಯಿಂದ, ಒಬ್ಬರು ಅಂಕಿಅಂಶಗಳ ಲೋಕದಿಂದ ಬಂದರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಅಂದರೆ ಮುಂದೆ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆ, ಆರಂಭವಾದ ಮೇಲೆಯೇ ಮನಶ್ಶಾಸ್ತ್ರ ಓದಿದವರು ಆಸ್ಪತ್ರೆಯ ವಾರ್ಡಿನಲ್ಲಿ ಕ್ರಮಬದ್ಧವಾಗಿ ತರಬೇತಿ ಪಡೆಯುವ ವ್ಯವಸ್ಥೆ ಇಲ್ಲಿ ಬೇರೂರಿತು.

ಹಾಗಾಗಿ ನಾಲ್ವರ ಹಿನ್ನೆಲೆ ನಾಲ್ಕು ಬಗೆಯದಾಗಿದ್ದರೆ ಅದನ್ನು ವಿಭಾಗದ ಬಲವೆಂದೇ ನಾನು ತಿಳಿಯುತ್ತೇನೆ. ನಾಲ್ವರೂ ಒಂದೇ ವಿಶ್ವವಿದ್ಯಾನಿಲಯದಲ್ಲಿ ಒಂದೇ ವಿಶೇಷ ವಿಷಯ ಓದಿ ಬಂದವರಾಗಿದ್ದರೆ ನಾನು ಹೆಚ್ಚು ಯೋಚಿಸುತ್ತಿದ್ದೆ.

ಉತ್ತರ: ಕುಂಬಳೆಯ ಮೂಲದವರು, ಕ್ಯಾಲಿಫೋರ್ನಿಯಾ

ಟೀಚರ್ ಹೇಳಿದ್ದಕ್ಕೆ ಅಮೆರಿಕದ ಕಡೆಯ ವಿವರವನ್ನು ಸೇರಿಸುತ್ತೇನೆ, ಏಕೆಂದರೆ ನಾನು ಹಗಲಿನಲ್ಲಿ ಚಿಕಿತ್ಸಕಿಯಾಗಿ ಕೆಲಸ ಮಾಡಿ ಸಂಜೆಯ ತರಗತಿ ತೆಗೆದುಕೊಳ್ಳುವವರಲ್ಲಿ ಒಬ್ಬಳು.

ಇಲ್ಲಿನ ಕಮ್ಯುನಿಟಿ ಕಾಲೇಜು ಎಂದರೆ ಎರಡು ವರ್ಷಗಳ ಸಾರ್ವಜನಿಕ ಕಾಲೇಜು. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾದದ್ದನ್ನು ಈ ಬಗೆಯ ಕಾಲೇಜುಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಕಡಿಮೆ ಶುಲ್ಕದಲ್ಲಿ ಎರಡು ವರ್ಷ ಓದಿ, ಆಮೇಲೆ ವಿಶ್ವವಿದ್ಯಾನಿಲಯಕ್ಕೆ ವರ್ಗಾವಣೆ ಪಡೆದು ಪದವಿ ಮುಗಿಸುವವರು ಬಹಳ. ತರಗತಿಯಲ್ಲಿ ಹದಿನೆಂಟರ ಹುಡುಗನ ಪಕ್ಕದಲ್ಲಿ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದ ನರ್ಸ್ ಕುಳಿತಿರುತ್ತಾರೆ. ಅಧ್ಯಾಪಕರ ಮುಖ್ಯ ಕೆಲಸ ಪಾಠ. ಸಂಶೋಧನೆ ಪ್ರಕಟಿಸಬೇಕೆಂಬ ಒತ್ತಾಯವಿಲ್ಲ. ಆದುದರಿಂದ ಪಿಎಚ್.ಡಿ. ಕಡ್ಡಾಯವಲ್ಲ, ಸ್ನಾತಕೋತ್ತರ ಪದವಿ ಸಾಕು. ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ ಇಲ್ಲದಿದ್ದರೂ, ಪದವಿಯಲ್ಲಿ ಮನಶ್ಶಾಸ್ತ್ರ ಓದಿ ಆಮೇಲೆ ಕೌನ್ಸೆಲಿಂಗ್, ಸಮಾಜಕಾರ್ಯ, ಸಂಖ್ಯಾಶಾಸ್ತ್ರ, ನರವಿಜ್ಞಾನ ಮುಂತಾದವುಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಅರ್ಹರಾಗುತ್ತಾರೆ. ನಿಮ್ಮ ತಂಗಿಯ ಮಗ ಹೇಳಿದ ಸಮಾಜಕಾರ್ಯದ ಅಧ್ಯಾಪಕರು ಹೀಗೆ ಬಂದವರಿರಬೇಕು. ಊರಿನಲ್ಲಾದರೆ ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಆದವರಿಗೆ ಮನಶ್ಶಾಸ್ತ್ರ ವಿಭಾಗದಲ್ಲಿ ಕಾಯಂ ಹುದ್ದೆಗೆ ದಾರಿ ಸುಲಭವಿಲ್ಲ.

ಚಿಕಿತ್ಸೆಯ ಪರವಾನಗಿ ಇಲ್ಲಿಯೂ ಬೇರೆಯೇ. ಕುಟುಂಬ ಚಿಕಿತ್ಸಕರಾಗಲು ಕ್ಯಾಲಿಫೋರ್ನಿಯಾದಲ್ಲಿ ಸ್ನಾತಕೋತ್ತರ ಪದವಿಯೊಂದಿಗೆ ಮೇಲ್ವಿಚಾರಣೆಯಲ್ಲಿ 3,000 ಗಂಟೆಗಳ ಕೆಲಸ ಮತ್ತು ಪರೀಕ್ಷೆ ಆಗಬೇಕು. ಡಾಕ್ಟರೇಟ್‌ಗಳಲ್ಲಿಯೂ ಎರಡು ಬಗೆಗಳಿವೆ. ಕೊಲೊರಾಡೊದ ಬೋಲ್ಡರ್‌ನಲ್ಲಿ 1949ರಲ್ಲಿ ನಡೆದ ಸಮ್ಮೇಳನವು ಚಿಕಿತ್ಸಕನಾದವನು ವಿಜ್ಞಾನಿಯೂ ಆಗಿರಬೇಕೆಂಬ ಮಾದರಿಯನ್ನು ಒಪ್ಪಿತು, ಅದರ ಪದವಿ ಪಿಎಚ್.ಡಿ. ಅದೇ ರಾಜ್ಯದ ವೇಲ್‌ನಲ್ಲಿ 1973ರಲ್ಲಿ ಸೇರಿದ ಸಮ್ಮೇಳನವು ಚಿಕಿತ್ಸೆಗೇ ಒತ್ತು ಕೊಡುವ ಸೈ.ಡಿ. ಎಂಬ ಪದವಿಗೆ ಬೆಂಬಲ ಕೊಟ್ಟಿತು. ಅಧ್ಯಾಪಕರ ಹೆಸರಿನ ಮುಂದೆ ಎರಡರಲ್ಲಿ ಯಾವುದಿದೆ ಎಂಬುದನ್ನು ನೋಡಿದರೆ ಅವರ ತರಬೇತಿ ಯಾವ ಕಡೆಗೆ ವಾಲಿತ್ತೆಂದು ಊಹಿಸಬಹುದು.

ಒಂದು ಕಷ್ಟವನ್ನೂ ಹೇಳಬೇಕು. ನನ್ನಂಥ ಅರೆಕಾಲಿಕರಿಗೆ ಒಂದು ಕಾಲೇಜು ಜಿಲ್ಲೆಯಲ್ಲಿ ಪೂರ್ಣಾವಧಿಯ ಶೇಕಡಾ 67ಕ್ಕಿಂತ ಹೆಚ್ಚು ಪಾಠ ಕೊಡುವಂತಿಲ್ಲವೆಂದು ಕ್ಯಾಲಿಫೋರ್ನಿಯಾದ ಕಾನೂನು ಹೇಳುತ್ತದೆ. ಹೀಗಾಗಿ ಎರಡು ಮೂರು ಕಾಲೇಜುಗಳಿಗೆ ಕಾರು ಓಡಿಸಿಕೊಂಡು ಹೋಗಿ ಪಾಠ ಮಾಡುವವರು ಅನೇಕರಿದ್ದಾರೆ, ವಿದ್ಯಾರ್ಥಿಗೆ ತರಗತಿಯ ಹೊರಗೆ ಅವರು ಸಿಗುವುದು ಕಷ್ಟ. ಅನುಭವ ಎಷ್ಟೇ ಇದ್ದರೂ ಕೇಳಲು ಹೋದಾಗ ಮನುಷ್ಯ ಇಲ್ಲದಿದ್ದರೆ ಏನು ಪ್ರಯೋಜನ?

ಮತ್ತೊಂದು ಮಾತು. ಚಿಕಿತ್ಸಕರು ಅಧ್ಯಾಪಕರಾದಾಗ ವಿದ್ಯಾರ್ಥಿಗಳು ತಮ್ಮ ಮನೆಯ ಸಂಕಟಗಳನ್ನು ಅವರ ಬಳಿ ತರುತ್ತಾರೆ. ಅಂಕ ಹಾಕುವವರೇ ಚಿಕಿತ್ಸೆ ಕೊಡುವವರಾಗಬಾರದೆಂಬುದು ಈ ವೃತ್ತಿಯ ನೀತಿ. ನಾನು ಕೇಳಿಸಿಕೊಳ್ಳುತ್ತೇನೆ, ಆದರೆ ಕಾಲೇಜಿನ ಆಪ್ತಸಲಹಾ ಕೇಂದ್ರಕ್ಕೆ ಕಳುಹಿಸುತ್ತೇನೆ. ಒಳ್ಳೆಯ ಹಿನ್ನೆಲೆಯ ಅಧ್ಯಾಪಕರನ್ನು ಗುರುತಿಸಲು ಇದೂ ಒಂದು ಲಕ್ಷಣ: ತರಗತಿಯಲ್ಲಿ ತಮ್ಮ ಬಳಿ ಬಂದವರ ಕಥೆಯನ್ನು ಗುರುತು ಸಿಗುವಂತೆ ಹೇಳುವವರ ಬಳಿ ಎಚ್ಚರದಿಂದಿರಿ.

ಉತ್ತರ: ಎಣ್ಮಕಜೆ ಕಡೆಯ ಕ್ಷೇತ್ರ ಕಾರ್ಯಕರ್ತ

ಮೇಲಿನ ಇಬ್ಬರೂ ಪದವಿ ಮತ್ತು ಪರವಾನಗಿಯ ಬಗ್ಗೆ ಬರೆದಿದ್ದಾರೆ. ನಮ್ಮ ಜಿಲ್ಲೆಯ ಮಟ್ಟಿಗೆ ಅಷ್ಟೇ ಮುಖ್ಯವಾದ ಮತ್ತೊಂದು ಹಿನ್ನೆಲೆ ಇದೆ: ಅಧ್ಯಾಪಕರು ಯಾವ ಜನರ ನಡುವೆ, ಯಾವ ಭಾಷೆಯಲ್ಲಿ ಕೆಲಸ ಮಾಡಿದ್ದಾರೆ ಎಂಬುದು.

ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು ಮೊದಲಾದ ಪಂಚಾಯತುಗಳಲ್ಲಿ ಬುದ್ಧಿಮಾಂದ್ಯವಿರುವ ಮಕ್ಕಳನ್ನೂ ಅವರನ್ನು ಎತ್ತಿಕೊಂಡೇ ವಯಸ್ಸಾದ ತಾಯಂದಿರನ್ನೂ ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಈ ಮನೆಗಳಲ್ಲಿ ತುಳು, ಹವ್ಯಕ ಕನ್ನಡ, ಮರಾಠಿ, ಮಲಯಾಳ ಎಲ್ಲವೂ ಇವೆ. ಮಗು ಮನೆಯಲ್ಲಿ ತುಳು ಕೇಳುತ್ತದೆ, ಅಂಗನವಾಡಿಯಲ್ಲಿ ಕನ್ನಡ, ಅಂಗವೈಕಲ್ಯವನ್ನು ಅಳೆಯುವ ಕ್ಯಾಂಪಿನಲ್ಲಿ ಪರೀಕ್ಷಿಸುವವರ ಬಾಯಿಂದ ಮಲಯಾಳ.

ಅಂಥ ಒಂದು ಕ್ಯಾಂಪಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಸುಮಾರು ಎಂಟು ವರ್ಷದ ಹುಡುಗಿ. ಪರೀಕ್ಷಕರು ಮಲಯಾಳದಲ್ಲಿ ಪ್ರಶ್ನೆ ಕೇಳಿದರು, ಹುಡುಗಿ ತಾಯಿಯ ಸೆರಗು ಹಿಡಿದು ಸುಮ್ಮನೆ ನಿಂತಳು, ತಾಯಿ ತುಳುವಿನಲ್ಲಿ ಹೇಳಿಕೊಡಲು ಹೊರಟಾಗ ‘ನೀವು ಹೇಳಬಾರದು’ ಎಂದು ತಡೆದರು. ಪರೀಕ್ಷೆಯ ನಿಯಮದ ಪ್ರಕಾರ ಅವರು ತಡೆದದ್ದು ಸರಿ. ಆದರೆ ಮಗುವಿಗೆ ತಿಳಿಯದ ಭಾಷೆಯಲ್ಲಿ ಆ ಪರೀಕ್ಷೆಯನ್ನು ನಡೆಸಿದ್ದೇ ತಪ್ಪು. ಸಾಮಾಜಿಕ ಪಕ್ವತೆಯ ಮಾಪನದಲ್ಲಿಯೂ ಇದೇ ಕಷ್ಟ. ಮಗು ಒಬ್ಬನೇ ನೆರೆಮನೆಗೆ ಹೋಗುತ್ತದೆಯೇ, ಅಂಗಡಿಯಿಂದ ಸಣ್ಣಪುಟ್ಟ ಸಾಮಾನು ತರುತ್ತದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ನೆರೆಮನೆಗೆ ತೋಡು ದಾಟಿ ಗುಡ್ಡ ಹತ್ತಬೇಕಾದ ಕಡೆ ‘ಇಲ್ಲ’ ಎಂಬ ಉತ್ತರ ಮಗುವಿನ ಶಕ್ತಿಯನ್ನು ಹೇಳುತ್ತದೆಯೋ, ದಾರಿಯ ಸ್ಥಿತಿಯನ್ನು ಹೇಳುತ್ತದೆಯೋ ಎಂದು ವಿಚಾರಿಸುವವರು ಬೇಕು. ಅಂಗವೈಕಲ್ಯವು ಶೇಕಡಾ 40 ಎಂಬ ಗೆರೆಯ ಮೇಲೋ ಕೆಳಗೋ ಎಂಬುದರ ಮೇಲೆ ಪ್ರಮಾಣಪತ್ರದಿಂದ ಸಿಗುವ ಸವಲತ್ತು, ಪಿಂಚಣಿ ಎಲ್ಲ ನಿರ್ಧಾರವಾಗುವುದರಿಂದ ಈ ಅಂಕಿಗಳು ಕಾಗದದ ಮೇಲಿನ ಅಂಕಿಗಳಷ್ಟೇ ಅಲ್ಲ.

ಕನ್ನಡದಲ್ಲಿ ಈ ಕೆಲಸಕ್ಕೆ ಪರಂಪರೆಯೇ ಇದೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆ ಅವರ ಬುದ್ಧಿಮಾಪನ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಧಾರವಾಡದ ಕಡೆ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಹೊಂದಿಸಿದರು, ಅದು ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ನಿಮ್ಹಾನ್ಸಿನ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮಾನಸಿಕ ಆರೋಗ್ಯದ ವಿಚಾರಗಳನ್ನು ಹಳ್ಳಿಯವರಿಗೂ ತಿಳಿಯುವ ಕನ್ನಡದಲ್ಲಿ ದಶಕಗಳ ಕಾಲ ಬರೆದಿದ್ದಾರೆ. ಹೀಗಿರುವಾಗ ಗಡಿನಾಡಿನ ಮಕ್ಕಳ ಎದುರು ಕನ್ನಡವೋ ತುಳುವೋ ಬಲ್ಲ ಮನಶ್ಶಾಸ್ತ್ರಜ್ಞರು ಇಷ್ಟು ವಿರಳವಾಗಿರುವುದು ನನಗೆ ನಿಜವಾಗಿ ನೋವಿನ ಸಂಗತಿ. ನಿಮ್ಮ ಮಗಳು ಈ ಶಾಸ್ತ್ರ ಓದುತ್ತಾಳೆಂದರೆ ನನಗೆ ಆಗುವ ಸಂತೋಷ ಈ ಕಾರಣದಿಂದ.

ಆದುದರಿಂದ ನಿಮ್ಮ ಪಟ್ಟಿಯಲ್ಲಿ ನಾಲ್ಕನೆಯವರಾಗಿರುವ, ಶಾಲಾ ಕೌನ್ಸೆಲರ್ ಆಗಿದ್ದ ಆ ಗೆಸ್ಟ್ ಅಧ್ಯಾಪಕರನ್ನು ಕೊನೆಯವರೆಂದು ಎಣಿಸಬೇಡಿ. ಅವರು ಯಾವ ಶಾಲೆಗಳಲ್ಲಿ, ಯಾವ ಭಾಷೆಯ ಮಕ್ಕಳೊಂದಿಗೆ ಇದ್ದರೆಂದು ಕೇಳಿ.

ಉತ್ತರ: ಮಂಗಳೂರಿನಲ್ಲಿ ಓದುತ್ತಿರುವ ವಿದ್ಯಾರ್ಥಿನಿ, ಮಂಜೇಶ್ವರ

ಅಣ್ಣನವರ ಮಾತನ್ನು ಗೌರವದಿಂದ ಒಪ್ಪುತ್ತೇನೆ, ಆದರೂ ಮೊದಲನೆಯವರ ಪರವಾಗಿ, ಅಂದರೆ ಎಂ.ಎಸ್ಸಿ. ಮತ್ತು ನೆಟ್ ಮಾತ್ರ ಇರುವವರ ಪರವಾಗಿ, ಎರಡು ಮಾತು ಹೇಳಬೇಕೆನಿಸುತ್ತದೆ.

ನಮಗೆ ಪ್ರಯೋಗಾತ್ಮಕ ಮನಶ್ಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಕಲಿಸಿದವರು ಅಂಥವರೇ. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಪ್ರಯೋಗವನ್ನು ಅವರು ನಮ್ಮಿಂದ ಮಾಡಿಸಿದಾಗ, ಮೊದಲ ಸಲ ಕೈ ಎಲ್ಲೆಲ್ಲೋ ಹೋಯಿತು, ಸಲದಿಂದ ಸಲಕ್ಕೆ ತಪ್ಪು ಮತ್ತು ಸಮಯ ಎರಡೂ ಇಳಿದವು, ಬಲಗೈಯಿಂದ ಕಲಿತದ್ದರ ಒಂದು ಪಾಲು ಅಭ್ಯಾಸವಿಲ್ಲದ ಎಡಗೈಗೂ ಬಂತು. ಆ ಅಂಕಿಗಳನ್ನು ರೆಕಾರ್ಡ್ ಪುಸ್ತಕದಲ್ಲಿ ನಕ್ಷೆಯಾಗಿ ಬರೆಯಿಸಿ, ಇದು ಕಲಿಕೆಯಿಂದಲೇ ಆದದ್ದೆಂದು ಹೇಗೆ ಹೇಳುತ್ತೀರಿ ಎಂದು ಅವರು ಬಿಡದೆ ಕೇಳಿದರು. ಆಸ್ಪತ್ರೆಯಿಂದ ಬಂದ ಇನ್ನೊಬ್ಬ ಅಧ್ಯಾಪಕರ ಪಾಠದಲ್ಲಿ ನಾವು ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದೆವು, ನಿಜ; ಆದರೆ ಅವರು ಹೇಳಿದ ಒಂದು ಉದಾಹರಣೆಯಿಂದ ಎಲ್ಲರ ಬಗ್ಗೆ ತೀರ್ಮಾನಕ್ಕೆ ಬರಬಾರದೆಂದು ನಮಗೆ ತಿಳಿದದ್ದು ಪ್ರಯೋಗಾಲಯದಲ್ಲಿ. ಕ್ಯಾಂಪಿನ ಆ ಹುಡುಗಿಯ ಪರೀಕ್ಷೆ ಏಕೆ ಸರಿಯಲ್ಲವೆಂದು ವಾದಿಸಲು ಬೇಕಾದದ್ದು ಕೂಡ ಮಾಪನದ ಇದೇ ಜ್ಞಾನವಲ್ಲವೇ?

ಮರುಪ್ರಶ್ನೆ: ಬದಿಯಡ್ಕದ ತಂದೆ

ಎಲ್ಲರಿಗೂ ಕೃತಜ್ಞತೆಗಳು. ಮಗಳಿಗೆ ಇವನ್ನೆಲ್ಲ ಓದಿ ಹೇಳಿದೆ. ಕ್ಯಾಂಪಿನ ಹುಡುಗಿಯ ಭಾಗವನ್ನು ಅವಳು ಮತ್ತೊಮ್ಮೆ ಓದಿಸಿಕೊಂಡಳು. ಕಾಲೇಜಿಗೆ ನೇರವಾಗಿ ಹೋಗಿ ವಿಭಾಗದವರನ್ನು ಕಾಣೋಣವೆಂದಿದ್ದೇವೆ. ಅಲ್ಲಿ ಅವರ ಮನಸ್ಸಿಗೆ ನೋವಾಗದಂತೆ ಏನನ್ನು ಕೇಳಬಹುದು? ‘ನಿಮ್ಮ ಹಿನ್ನೆಲೆ ಏನು’ ಎಂದು ಅಧ್ಯಾಪಕರನ್ನೇ ಕೇಳಲು ನನಗೆ ಸಂಕೋಚವಾಗುತ್ತದೆ.

ಉತ್ತರ: ನಿವೃತ್ತ ಅಧ್ಯಾಪಿಕೆ, ಕಾಸರಗೋಡು

ಮಂಜೇಶ್ವರದ ತಂಗಿ ಬರೆದದ್ದು ನನಗೆ ಬಹಳ ಹಿಡಿಸಿತು. ನಾಲ್ವರಲ್ಲಿ ಉತ್ತಮರು ಯಾರೆಂದು ಆರಿಸುವುದಕ್ಕಿಂತ ಯಾರು ಯಾವ ಪೇಪರನ್ನು ಕಲಿಸುತ್ತಾರೆಂದು ನೋಡುವುದು ಮುಖ್ಯ.

ಸಂಕೋಚ ಬೇಡ. ವ್ಯಕ್ತಿಯ ಬಗ್ಗೆ ಕೇಳದೆ ಕೆಲಸದ ಬಗ್ಗೆ ಕೇಳಿ. ಮನೋರೋಗಗಳ ಪೇಪರನ್ನು ಯಾರು ತೆಗೆದುಕೊಳ್ಳುತ್ತಾರೆ, ಸಂಖ್ಯಾಶಾಸ್ತ್ರವನ್ನು ಯಾರು ತೆಗೆದುಕೊಳ್ಳುತ್ತಾರೆ, ಲ್ಯಾಬಿನಲ್ಲಿ ಯಾವ ಪರೀಕ್ಷೆಗಳಿವೆ, ಅವುಗಳಲ್ಲಿ ಕನ್ನಡದ ರೂಪ ಇರುವವು ಯಾವುವು, ಇಂಟರ್ನ್‌ಶಿಪ್‌ಗೆ ಮಕ್ಕಳನ್ನು ಎಲ್ಲಿಗೆ ಕಳುಹಿಸುತ್ತಾರೆ ಎಂದು ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಒಳ್ಳೆಯ ಅಧ್ಯಾಪಕರಾದರೆ ಬೀರು ತೆರೆದು ತೋರಿಸುತ್ತಾರೆ. ಬೀಗದ ಕೈ ಯಾರ ಬಳಿ ಇದೆಯೆಂದು ಹುಡುಕುವ ಸ್ಥಿತಿ ಇದ್ದರೆ ಅದರಿಂದಲೂ ನಿಮಗೆ ಒಂದು ವಿಷಯ ತಿಳಿಯುತ್ತದೆ.

ಗೆಸ್ಟ್ ಅಧ್ಯಾಪಕರ ವಿಷಯ. ಕೇರಳದ ಸರಕಾರಿ ಕಾಲೇಜುಗಳ ಕಾಯಂ ಹುದ್ದೆಗಳು ಲೋಕಸೇವಾ ಆಯೋಗದ (ಪಿ.ಎಸ್.ಸಿ.) ಮೂಲಕ ತುಂಬುತ್ತವೆ, ಆವರೆಗೆ ಕೋಝಿಕ್ಕೋಡಿನ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿಯ ಪ್ಯಾನೆಲ್‌ನಲ್ಲಿ ಹೆಸರಿರುವವರನ್ನು ಸಂದರ್ಶನ ಮಾಡಿ ಆ ವರ್ಷಕ್ಕೆ ತೆಗೆದುಕೊಳ್ಳುತ್ತಾರೆ. ಅವರಲ್ಲಿ ಬಹಳ ಯೋಗ್ಯರಿದ್ದಾರೆ, ಆದರೆ ಮುಂದಿನ ಜೂನ್‌ನಲ್ಲಿ ಅವರೇ ಇರುತ್ತಾರೆಂಬ ಖಾತ್ರಿ ಇಲ್ಲ. 2024ರಿಂದ ಇಲ್ಲಿ ನಾಲ್ಕು ವರ್ಷದ ಪದವಿ ಜಾರಿಗೆ ಬಂದಿದೆ. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು, ನಾಲ್ಕನೆಯ ವರ್ಷಕ್ಕೆ ಮುಂದುವರಿದರೆ ಆನರ್ಸ್. ಕರ್ನಾಟಕದಲ್ಲಿ ಅದೇ ವರ್ಷ ಮೂರು ವರ್ಷದ ಪದವಿಗೆ ಹಿಂತಿರುಗಿದ್ದಾರೆ. ನೀವು ಇಲ್ಲಿಯೇ ಸೇರಿಸುವುದಾದರೆ, ನಾಲ್ಕನೆಯ ವರ್ಷದ ಸಂಶೋಧನಾ ಪ್ರಾಜೆಕ್ಟಿಗೆ ಮಾರ್ಗದರ್ಶನ ಮಾಡಬಲ್ಲ ಪಿಎಚ್.ಡಿ. ಆದವರು ವಿಭಾಗದಲ್ಲಿ ಕಾಯಂ ಇದ್ದಾರೆಯೇ ಎಂದು ಈಗಲೇ ವಿಚಾರಿಸಿ. ಕಾರ್ಖಾನೆಯ ಕಾರ್ಮಿಕರ ಬಗ್ಗೆ ಸಂಶೋಧನೆ ಮಾಡಿದ ನಿಮ್ಮ ಪಟ್ಟಿಯ ಮೂರನೆಯವರ ಬೆಲೆ ತಿಳಿಯುವುದು ಆಗ.

ಸರಕಾರಿ ಕಾಲೇಜುಗಳಲ್ಲಿ ‘ಜೀವನಿ’ ಎಂಬ ಯೋಜನೆಯಡಿ ವಿದ್ಯಾರ್ಥಿಗಳ ಆಪ್ತಸಲಹೆಗೆ ಮನಶ್ಶಾಸ್ತ್ರ ಓದಿದವರನ್ನು ನೇಮಿಸುವ ವ್ಯವಸ್ಥೆಯೂ ಇದೆ. ಅವರು ಅಧ್ಯಾಪಕರಲ್ಲ. ಮಗಳಿಗೆ ಅದನ್ನು ಮೊದಲೇ ತಿಳಿಸಿಡಿ, ಮನಸ್ಸಿಗೆ ಭಾರವಾದ ದಿನ ಯಾರ ಬಾಗಿಲಿಗೆ ಹೋಗಬೇಕೆಂದು ಅವಳಿಗೆ ಗೊತ್ತಿರಲಿ.

ವಿಭಾಗವನ್ನು ಕಂಡು ಬಂದ ಮೇಲೆ ಯಾವ ಪೇಪರನ್ನು ಯಾರು ಕಲಿಸುತ್ತಾರೆಂದು ಇಲ್ಲಿ ಬರೆಯಿರಿ, ಹೆಸರು ಬೇಡ, ವಿಷಯ ಮತ್ತು ಹಿನ್ನೆಲೆ ಸಾಕು. ಸೀಟುಗಳ ಅಲೋಟ್‌ಮೆಂಟಿನಲ್ಲಿ ಆಯ್ಕೆಗಳ ಕ್ರಮವನ್ನು ಬದಲಿಸಲು ದಿನ ಇರುವಾಗಲೇ ಒಟ್ಟಿಗೆ ನೋಡೋಣ.